ಸಂಶೋಧನೆಯೂ ದುಡಿಮೆಯೇ

ಮಕ್ಕಳ ಭವಿಷ್ಯದ ಕುರಿತು ನಮ್ಮ ಕುಟುಂಬಗಳಲ್ಲಿ ಮಾತು ಬಂದಾಗ ಗಲ್ಫ್, ನರ್ಸಿಂಗ್, ಎಂಜಿನಿಯರಿಂಗ್, ಬ್ಯಾಂಕು ಎಂಬ ಹೆಸರುಗಳು ಮೊದಲು ಕೇಳಿಬರುತ್ತವೆ. ಇವೆಲ್ಲವೂ ಗೌರವದ ದುಡಿಮೆಗಳೇ. ಇವುಗಳಿಂದ ನಮ್ಮ ಎಷ್ಟೋ ಮನೆಗಳು ಸಾಲಮುಕ್ತವಾಗಿವೆ. ಆದರೆ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದ ಮಗಳು ಸಂಶೋಧನೆ ಮಾಡುವೆನೆಂದರೆ, “ಇನ್ನೂ ಎಷ್ಟು ವರ್ಷ ಓದುವುದು?” ಎಂಬ ಪ್ರಶ್ನೆ ಏಳುತ್ತದೆ. ಸಂಶೋಧನೆಯೆಂದರೆ ಹೆತ್ತವರ ಖರ್ಚಿನಲ್ಲಿ ಮುಂದುವರಿಯುವ ಓದು ಎಂಬ ಭಾವನೆಯೇ ಈ ಪ್ರಶ್ನೆಗೆ ಮೂಲ. ವಸ್ತುಸ್ಥಿತಿ ಹಾಗಿಲ್ಲ.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಎನ್.ಇ.ಟಿ. ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಅದರಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾಗಿ ಪಿಎಚ್.ಡಿ.ಗೆ ಸೇರಿದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಪ್ರಗತಿ ತೃಪ್ತಿಕರವಾಗಿದ್ದರೆ ಅನಂತರ 42,000 ರೂಪಾಯಿ ದೊರೆಯುತ್ತದೆ. 2023ರಲ್ಲಿ ಜಾರಿಗೆ ಬಂದ ದರಗಳಿವು. ಮನೆಬಾಡಿಗೆ ಭತ್ಯೆ ಪ್ರತ್ಯೇಕ. ವಿಜ್ಞಾನ ವಿಷಯಗಳಿಗೆ ಸಿ.ಎಸ್.ಐ.ಆರ್. ಹೆಸರಿನ ಪರೀಕ್ಷೆಯಿದೆ. ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡಾ 55 ಅಂಕ ಬೇಕು. ಅಂತಿಮ ವರ್ಷದಲ್ಲಿ ಓದುತ್ತಿರುವಾಗಲೇ ಅರ್ಜಿ ಸಲ್ಲಿಸಬಹುದು.

ಈ ವೇತನಕ್ಕೆ ವಯೋಮಿತಿಯಿದೆ ಎಂಬುದನ್ನು ಮರೆಯಬಾರದು: ಸಾಮಾನ್ಯ ವರ್ಗಕ್ಕೆ 30 ವರ್ಷ, ಮಹಿಳೆಯರಿಗೆ 5 ವರ್ಷಗಳ ಸಡಿಲಿಕೆ. “ಮೊದಲು ಉದ್ಯೋಗ, ಆಮೇಲೆ ನೋಡೋಣ” ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಮದುವೆಯಾದರೆ ಸಂಶೋಧನೆ ನಿಂತೇಹೋಗುತ್ತದೆ ಎಂಬ ಆತಂಕಕ್ಕೂ ಉತ್ತರವಿದೆ: 2022ರ ನಿಯಮಾವಳಿಯಂತೆ ಪಿಎಚ್.ಡಿ. ಅವಧಿಯಲ್ಲಿ ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಹಾಗೂ ಶಿಶುಪಾಲನಾ ರಜೆಗೆ ಅವಕಾಶವಿದೆ.

ಇದಕ್ಕಾಗಿ ದೂರ ಹೋಗಲೇಬೇಕೆಂದಿಲ್ಲ. 1980ರಲ್ಲಿ ಸ್ಥಾಪನೆಗೊಂಡ ಮಂಗಳೂರು ವಿಶ್ವವಿದ್ಯಾನಿಲಯ ನಮ್ಮ ಕೊಣಾಜೆಯಲ್ಲಿದೆ. ಅಲ್ಲಿ ಸಾಗರ ಭೂವಿಜ್ಞಾನದಿಂದ ಕನ್ನಡದವರೆಗೆ ವಿಭಾಗಗಳಿವೆ. ವಿಶ್ವವಿದ್ಯಾನಿಲಯವೆಂದರೆ ಅಧ್ಯಾಪಕರು ಮಾತ್ರವೆಂದೂ ಭಾವಿಸಬಾರದು. ಗ್ರಂಥಾಲಯ, ಪ್ರಯೋಗಾಲಯ, ಪರೀಕ್ಷಾ ವಿಭಾಗ, ಹಣಕಾಸು ವಿಭಾಗಗಳಿಗೂ ನುರಿತ ಕೈಗಳು ಬೇಕು. ಅನುದಾನಿತ ಸಂಶೋಧನಾ ಯೋಜನೆಗಳಲ್ಲಿ ಸಹಾಯಕರಾಗಿ ದುಡಿಯುತ್ತ ಅನುಭವ ಗಳಿಸುವ ದಾರಿಯೂ ಇದೆ.

ಆದರೆ ಈ ಹಾದಿ ಹೂವಿನ ಹಾಸಿಗೆಯಲ್ಲ. ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700 ರೂಪಾಯಿಯಾದರೂ ಖಾಯಂ ನೇಮಕಾತಿ ವರ್ಷಗಟ್ಟಲೆ ತಡವಾಗುವುದುಂಟು. ಆ ತನಕ ಅನೇಕರು ಅತಿಥಿ ಉಪನ್ಯಾಸಕರಾಗಿ ಕಡಿಮೆ ಸಂಬಳಕ್ಕೆ ದುಡಿಯುತ್ತಾರೆ. ಪಿಎಚ್.ಡಿ. ಪದವಿ ಉದ್ಯೋಗದ ಖಾತರಿಪತ್ರವಲ್ಲ. ಪ್ರಶ್ನೆಯೊಂದನ್ನು ವರ್ಷಗಳ ಕಾಲ ಬೆನ್ನುಹತ್ತುವ ತಾಳ್ಮೆಯಿದ್ದವರಿಗಷ್ಟೇ ಇದು ಹೇಳಿಸಿದ ದಾರಿ.

ಅಂಥ ತಾಳ್ಮೆಗೆ ನಿದರ್ಶನ ಅಗಸ್ಟಿನಿಯನ್ ಸಭೆಯ ಗುರು ಗ್ರೆಗೊರ್ ಮೆಂಡೆಲ್. 1850ರಲ್ಲಿ ಅಧ್ಯಾಪಕ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಅವರನ್ನು ಮಠಾಧಿಪತಿಗಳು ಕೈಬಿಡದೆ ಮರುವರ್ಷ ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಹಿಂತಿರುಗಿದ ಮೆಂಡೆಲ್ 1856ರಿಂದ ಸುಮಾರು ಎಂಟು ವರ್ಷ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ಎಣಿಸಿ, ಆನುವಂಶಿಕತೆಯ ನಿಯಮಗಳನ್ನು ಕಂಡುಕೊಂಡರು. ಲೋಕ ಅದರ ಬೆಲೆಯನ್ನರಿತದ್ದು ಅವರು ತೀರಿಕೊಂಡ ಮೇಲೆ, 1900ರಲ್ಲಿ.

ಅಂದು ಒಬ್ಬ ಯುವಕನ ಓದಿಗೆ ಆಸರೆಯಾದುದು ಒಂದು ಮಠ. ಇಂದು ಹಣದ ಆಸರೆ ಸರ್ಕಾರದಿಂದ ದೊರೆಯುತ್ತದೆ; ಮನಸ್ಸಿನ ಆಸರೆ ಮನೆಯಿಂದಲೇ ದೊರೆಯಬೇಕು. ಹೆತ್ತವರೇ, ಮಗಳ ಮುಂದೆ “ಎಷ್ಟು ವರ್ಷ?” ಎಂಬ ಪ್ರಶ್ನೆಯನ್ನಿಡುವ ಮೊದಲು “ಯಾವ ವಿಷಯ?” ಎಂದು ಕೇಳಿರಿ. ಅವಳ ಉತ್ತರ ಸ್ಪಷ್ಟವಾಗಿದ್ದರೆ, ಮುಂದಿನ ಪರೀಕ್ಷೆಯ ಅರ್ಜಿಯ ಕೊನೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಿಡಿರಿ.