ವೆಬ್‌ಪುಟದ ಚಿತ್ರಗಳು ತಾವಾಗಿಯೇ ಸರಿಯುತ್ತಿವೆ: ಫೋನಿಗೆ ವೈರಸ್ ಬಂದಿದೆಯೇ?

ಸೇಡಂ ಕಡೆಯ ತೊಗರಿ ಬೆಳೆಗಾರರೊಬ್ಬರು ಬೆಳೆ ವಿಮೆಯ ಕೊನೆಯ ದಿನಾಂಕ ನೋಡಲು ಫೋನಿನಲ್ಲಿ ಜಾಲತಾಣವೊಂದನ್ನು ತೆರೆಯುತ್ತಾರೆ ಎಂದುಕೊಳ್ಳಿ. ಮೇಲ್ಗಡೆಯ ದೊಡ್ಡ ಚಿತ್ರದಲ್ಲೇ ದಿನಾಂಕವಿದೆ. ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅದು ಸರಿದುಹೋಗಿ ಯಾವುದೋ ಉದ್ಘಾಟನೆಯ ಫೋಟೋ ಬರುತ್ತದೆ. ಮಗನನ್ನು ಕರೆದು ತೋರಿಸಿದರೆ, "ಇಲ್ಲಿ ಏನೂ ಇಲ್ಲವಲ್ಲ" ಎನ್ನುತ್ತಾನೆ. ಆಗ ಹುಟ್ಟುವ ಅನುಮಾನ ಎರಡು. ಒಂದು, ಫೋನಿಗೆ ವೈರಸ್ ಹೊಕ್ಕಿದೆ. ಇನ್ನೊಂದು, ಅಧಿಕಾರಿಗಳು ಪ್ರಕಟಣೆಯನ್ನು ಸದ್ದಿಲ್ಲದೆ ತೆಗೆದುಹಾಕಿದ್ದಾರೆ. ಎರಡೂ ನಿಜವಲ್ಲ.

ನೀವು ನೋಡಿದ್ದು ಸ್ಲೈಡರ್ ಅಥವಾ ಕರೋಸೆಲ್. ಐದಾರು ಚಿತ್ರಗಳನ್ನು ರೈಲು ಬೋಗಿಗಳಂತೆ ಸಾಲಾಗಿ ಜೋಡಿಸಿ, ಒಂದು ಬೋಗಿ ಮಾತ್ರ ಕಾಣುವಷ್ಟು ಅಗಲದ ಕಿಟಕಿ ಇಡುತ್ತಾರೆ. ಉಳಿದವು ಅಲ್ಲೇ ಇರುತ್ತವೆ, ಕಿಟಕಿಯ ಆಚೆಗೆ ಮರೆಯಾಗಿ. ಪುಟದೊಳಗಿನ ಜಾವಾಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಗಡಿಯಾರ ನೋಡುತ್ತಾ, ಉದಾಹರಣೆಗೆ 5000 ಮಿಲಿಸೆಕೆಂಡಿಗೆ ಒಮ್ಮೆ, ಇಡೀ ಸಾಲನ್ನು ಒಂದು ಬೋಗಿಯಷ್ಟು ಎಳೆಯುತ್ತದೆ. ಕೊನೆಯದು ಮುಗಿದರೆ ಮತ್ತೆ ಮೊದಲನೆಯದು.

ನಿಲ್ಲದೆ ಹರಿಯುವ ಲೋಗೋ ಪಟ್ಟಿಗಳಲ್ಲಿ ಬೇರೆ ಉಪಾಯವಿದೆ. ಒಂದೇ ಸಾಲನ್ನು ಎರಡು ಸಲ ಬರೆದು, ಸಿಎಸ್ಎಸ್ ಅನಿಮೇಷನ್ ಮೂಲಕ ಅರ್ಧದಷ್ಟು ಸರಿಸಿ, ಥಟ್ಟನೆ ಮೊದಲಿನ ಜಾಗಕ್ಕೆ ತರುತ್ತಾರೆ. ಎರಡೂ ಅರ್ಧ ಒಂದೇ ಆಗಿರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಹಳೆಯ ಸೈಟುಗಳಲ್ಲಿ ಓಡುತ್ತಿದ್ದ ಅಕ್ಷರಗಳು 'ಮಾರ್ಕೀ' ಎಂಬ ಟ್ಯಾಗ್‌ನಿಂದ ಬರುತ್ತಿದ್ದವು. 1990ರ ದಶಕದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂದ ಆ ಟ್ಯಾಗ್ ಇಂದಿಗೂ ಓಡುತ್ತದೆ, ಆದರೆ ಅದನ್ನು ಬಳಸಬೇಡಿ ಎಂದೇ ಈಗಿನ ಎಚ್‌ಟಿಎಂಎಲ್ ಮಾನದಂಡ ಹೇಳುತ್ತದೆ.

ಹಾಗಾದರೆ ಪ್ರತಿ ಸುತ್ತಿಗೂ ಡೇಟಾ ಖರ್ಚಾಗುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಒಮ್ಮೆ ಇಳಿದ ಚಿತ್ರವನ್ನೇ ಬ್ರೌಸರ್ ಮತ್ತೆ ಮತ್ತೆ ತೋರಿಸುತ್ತದೆ. ನಿಜವಾದ ಹೊರೆ ಮೊದಲ ಸಲದ್ದು. ಕ್ಯಾಮೆರಾದಿಂದ ತೆಗೆದ 3 ಎಂಬಿಯ ಐದು ಫೋಟೋಗಳನ್ನು ಹಾಗೇ ಹಾಕಿದರೆ 15 ಎಂಬಿ. ಅವನ್ನೇ 200 ಕೆಬಿಗೆ ಕುಗ್ಗಿಸಿದರೆ ಐದೂ ಸೇರಿ ಸುಮಾರು 1 ಎಂಬಿ. ಚಿಂಚೋಳಿಯ ಕಾಡಂಚಿನಲ್ಲಿ ಸಿಗ್ನಲ್ ಹುಡುಕುತ್ತಾ ನಿಂತವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ವೈರಸ್ ಅಲ್ಲ ಎಂದ ಮಾತ್ರಕ್ಕೆ ಇದು ಒಳ್ಳೆಯ ಪದ್ಧತಿ ಎಂದಲ್ಲ. ವಾಡಿ ಜಂಕ್ಷನ್‌ನಂಥ ನಿಲ್ದಾಣದಲ್ಲಿ ಬೋರ್ಡಿನ ಮೇಲೆ ಭಾಷೆ ಬದಲಾಗುತ್ತಾ ಹೋಗುವಾಗ ಕನ್ನಡ ಬರಲೆಂದು ಕಾದವರಿಗೆ ತೊಂದರೆ ಅರ್ಥವಾಗುತ್ತದೆ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಎರಿಕ್ ರನ್ಯನ್ 2013ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಮುಖಪುಟಕ್ಕೆ ಬಂದ 100 ಜನರಲ್ಲಿ ಸ್ಲೈಡರ್ ಮೇಲೆ ಒತ್ತಿದವರು ಸುಮಾರು ಒಬ್ಬರು. ಒತ್ತಿದವರಲ್ಲೂ ಬಹುಪಾಲು ಮಂದಿ ಒತ್ತಿದ್ದು ಮೊದಲ ಚಿತ್ರವನ್ನೇ. ಅದೇ ವರ್ಷ ಜೇಕಬ್ ನೀಲ್ಸನ್ ಬರೆದ ಪ್ರಸಂಗ ಇನ್ನೂ ಸ್ವಾರಸ್ಯಕರ. ವಾಷಿಂಗ್ ಮೆಷಿನ್ ಮೇಲೆ ರಿಯಾಯಿತಿ ಇದೆಯೇ ಎಂದು ಹುಡುಕಲು ಒಬ್ಬ ಬಳಕೆದಾರರಿಗೆ ಹೇಳಿದ್ದರು. ರಿಯಾಯಿತಿ ಪುಟದ ಮೇಲ್ಭಾಗದಲ್ಲೇ ದಪ್ಪ ಅಕ್ಷರದಲ್ಲಿ ಸರಿಯುತ್ತಿತ್ತು. ಆದರೂ ಅವರಿಗೆ ಸಿಗಲಿಲ್ಲ! ಓಡುವುದೆಲ್ಲ ಜಾಹೀರಾತು ಎಂದು ನಮ್ಮ ಕಣ್ಣು ಪಕ್ಕಕ್ಕೆ ಸರಿಸಿಬಿಡುತ್ತದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದಲ್ಲೂ ಚಿತ್ರಫಲಕಗಳ ಸಾಲಿತ್ತು. 'ರಾಯ ಅಸೋಕೊ' ಎಂಬ ಬರಹವಿರುವ ಸುಣ್ಣಕಲ್ಲಿನ ಫಲಕ ಸಿಕ್ಕಿದ್ದು ಅಲ್ಲೇ. ಅಲ್ಲಿ ಕಲ್ಲು ಕದಲುವುದಿಲ್ಲ, ನೋಡುವವರು ಸುತ್ತು ಹಾಕಬೇಕು. ಎಷ್ಟು ಹೊತ್ತು ನಿಲ್ಲಬೇಕೆಂಬುದು ಅವರಿಗೇ ಬಿಟ್ಟದ್ದು. ಬೆರಳಿನಿಂದ ಸರಿಸಿದರೆ ಮಾತ್ರ ಚಲಿಸುವ ಸ್ಲೈಡರ್ ಈ ಬಗೆಯದು, ನನಗೆ ಅದೇ ಮೇಲು.

ಜಾಗತಿಕ ವೆಬ್ ಸುಲಭಲಭ್ಯತೆ ಮಾನದಂಡದಲ್ಲಿ (2008ರ ಆವೃತ್ತಿಯಿಂದಲೇ) ನಿಯಮವೊಂದಿದೆ: ಬೇರೆ ವಿಷಯಗಳ ಜೊತೆಗೆ ಏನಾದರೂ ತಾನಾಗಿ ಚಲಿಸತೊಡಗಿ 5 ಸೆಕೆಂಡಿಗಿಂತ ಹೆಚ್ಚು ಮುಂದುವರಿದರೆ, ಅದನ್ನು ನಿಲ್ಲಿಸುವ ದಾರಿ ಇರಲೇಬೇಕು. ಜಿಲ್ಲಾಡಳಿತಗಳ ಜಾಲತಾಣಗಳಿಗೆ ಎನ್‌ಐಸಿ ಒದಗಿಸುವ ಎಸ್‌3ವಾಸ್ ಅಚ್ಚಿನಲ್ಲಿ ಸ್ಲೈಡರ್ ಮೇಲೆ ಪಾಸ್ ಗುಂಡಿ ಇರುವುದು ಇದಕ್ಕೇ. ಎರಡು ನಿಂತ ಗೆರೆಗಳ ಆ ಗುರುತನ್ನು ಒತ್ತಿ ನೋಡಿ. ಗುಂಡಿ ಇಲ್ಲದಿದ್ದರೆ ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಅನಿಮೇಷನ್ ತೆಗೆಯುವ ಆಯ್ಕೆಯಿದೆ, ಐಫೋನಿನಲ್ಲಿ 'ರೆಡ್ಯೂಸ್ ಮೋಷನ್'. ಈ ಕೋರಿಕೆ ಬ್ರೌಸರ್ ಮೂಲಕ ಸೈಟಿಗೆ ತಲುಪುತ್ತದೆ, ಪಾಲಿಸುವುದು ಸೈಟ್ ಕಟ್ಟಿದವರ ಕೈಯಲ್ಲಿದೆ.

ನಿಮ್ಮ ಶಾಲೆಗೋ ಅಂಗಡಿಗೋ ಸ್ಲೈಡರ್ ಹಾಕಿಸುತ್ತಿದ್ದರೆ, ಕೊನೆಯ ದಿನಾಂಕ, ಫೋನ್ ನಂಬರ್‌ಗಳನ್ನು ಚಿತ್ರದೊಳಗೆ ಮಾತ್ರ ಇಡಬೇಡಿ, ಕೆಳಗೆ ಅಕ್ಷರದಲ್ಲೂ ಬರೆಸಿ. ಚಿತ್ರದೊಳಗಿನ ಕನ್ನಡವನ್ನು ದೃಷ್ಟಿಹೀನರ ಸ್ಕ್ರೀನ್ ರೀಡರ್ ಸರಿಯಾಗಿ ಓದಲಾರದು, ಪುಟದೊಳಗೆ ಹುಡುಕಿದರೂ ಸಿಗದು.

ಇನ್ನು "ನಿನ್ನೆ ಇತ್ತು, ಇವತ್ತು ತೆಗೆದಿದ್ದಾರೆ" ಎಂದು ಎರಡು ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟ ಫಾರ್ವರ್ಡ್ ಬಂದರೆ, ಮೊದಲು ಆ ಪುಟ ತೆರೆದು ಸ್ಲೈಡರ್ ಒಂದು ಪೂರ್ತಿ ಸುತ್ತು ಮುಗಿಯುವವರೆಗೆ ಕಾಯಿರಿ. ಬ್ರೌಸರ್ ಮುಚ್ಚಿದ ಮೇಲೂ ಹೋಮ್ ಸ್ಕ್ರೀನಿನಲ್ಲಿ ಜಾಹೀರಾತುಗಳು ಮೂಡುತ್ತಿದ್ದರೆ ಅದು ಬೇರೆ ಕಥೆ: ಇತ್ತೀಚೆಗೆ ಹಾಕಿಕೊಂಡ ಆಪ್‌ಗಳನ್ನು ಒಂದೊಂದಾಗಿ ತೆಗೆದು ನೋಡಬೇಕು.