ಕಚೇರಿ ಕೆಲಸಕ್ಕೆ ಸಣ್ಣ ಲ್ಯಾಪ್‌ಟಾಪ್: ಠರಾವಿಗೆ ಮುನ್ನ ಪರಿಶೀಲಿಸಬೇಕಾದ ಸಂಗತಿಗಳು

ಗ್ರಾಮ ಪಂಚಾಯತಿ ಕಚೇರಿಯ ಬಹುಪಾಲು ಕೆಲಸ ಇಂದು ಗಣಕಯಂತ್ರದ ಮೂಲಕವೇ ನಡೆಯುತ್ತದೆ. ತೆರಿಗೆಯ ಬೇಡಿಕೆ ಮತ್ತು ವಸೂಲಿ ಪಂಚತಂತ್ರದಲ್ಲಿ, ಆಸ್ತಿಯ ನಮೂನೆ 9 ಮತ್ತು 11 ಇ-ಸ್ವತ್ತು ತಂತ್ರಾಂಶದಲ್ಲಿ, ಕ್ರಿಯಾಯೋಜನೆ ಮತ್ತು ಹಣ ಪಾವತಿ ಇ-ಗ್ರಾಮಸ್ವರಾಜ್‌ನಲ್ಲಿ ದಾಖಲಾಗುತ್ತವೆ. ಯಂತ್ರ ಕೈಕೊಟ್ಟ ದಿನ, ಬ್ಯಾಂಕಿನ ಸಾಲಕ್ಕಾಗಿ ಆಸ್ತಿಯ ನಮೂನೆ ಕೇಳಲು ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ನೀರಗಂಟಿಯ ವೇತನದ ಪಾವತಿಯೂ ನಿಲ್ಲುತ್ತದೆ.

ಹೀಗಿದ್ದರೂ ಖರೀದಿಯ ಪ್ರಸ್ತಾವ ಸಭೆಗೆ ಬಂದಾಗ ಸದಸ್ಯರ ಮುಂದೆ ಇರುವುದು ಸಾಮಾನ್ಯವಾಗಿ ಮೂರು ದರಪಟ್ಟಿಗಳು ಮತ್ತು ಒಂದು ಸಾಲಿನ ವಿವರಣೆ: "ಐ5, 8 ಜಿಬಿ, 512 ಜಿಬಿ". ಬೆಟಗೇರಿಯ ಸೀರೆ ಕೊಳ್ಳುವವರು ಸೆರಗಿನ ಬಣ್ಣ ನೋಡಿ ಸುಮ್ಮನಾಗುವುದಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ಹಾಸು ಹೊಕ್ಕು ಪರೀಕ್ಷಿಸುತ್ತಾರೆ. ಕನಿಷ್ಠ ಐದು ವರ್ಷ ದುಡಿಯಬೇಕಾದ ಯಂತ್ರಕ್ಕೂ ಅಷ್ಟು ಪರೀಕ್ಷೆ ಅವಶ್ಯ.

ಮೊದಲು ಕೇಳಬೇಕಾದುದು ಲ್ಯಾಪ್‌ಟಾಪ್ ನಿಜವಾಗಿ ಬೇಕೇ ಎಂಬುದು. ಕಚೇರಿಯ ಮೇಜಿನಿಂದ ಎಂದೂ ಕದಲದ ಯಂತ್ರವಾದರೆ, ಅಷ್ಟೇ ಹಣಕ್ಕೆ ದೊಡ್ಡ ಪರದೆಯ, ದುರಸ್ತಿಗೆ ಸುಲಭವಾದ ಮೇಜಿನ ಗಣಕಯಂತ್ರ ಮತ್ತು ಯುಪಿಎಸ್ ದೊರೆಯುತ್ತವೆ. ಗ್ರಾಮಸಭೆ, ವಾರ್ಡ್ ಸಭೆ, ತಾಲ್ಲೂಕು ಪಂಚಾಯತಿಯ ಪರಿಶೀಲನಾ ಸಭೆ, ಕಾಮಗಾರಿ ಸ್ಥಳ ಎಂದು ದಾಖಲೆಗಳೊಂದಿಗೆ ಓಡಾಡಬೇಕಾದ ಕಚೇರಿಗೆ ಹದಿನಾಲ್ಕು ಅಂಗುಲ ಪರದೆಯ, ಒಂದೂವರೆ ಕಿಲೋ ಆಸುಪಾಸಿನ ವ್ಯವಹಾರ ಶ್ರೇಣಿಯ ಲ್ಯಾಪ್‌ಟಾಪ್ ಸೂಕ್ತ. ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಪ್ರೊಬುಕ್, ಲೆನೊವೊ ಥಿಂಕ್‌ಪ್ಯಾಡ್ ಮುಂತಾದವು ಈ ಶ್ರೇಣಿಗೆ ಸೇರಿದವು. ಅಂಗಡಿಯಲ್ಲಿ ಗೃಹಬಳಕೆಗೆಂದು ಮಾರುವ ಮಾದರಿಗಳು ನೋಡಲು ಇವುಗಳಂತೆಯೇ ಇದ್ದರೂ ಬಿಡಿಭಾಗ, ವಾರಂಟಿ ಮತ್ತು ಭದ್ರತಾ ಸೌಲಭ್ಯಗಳಲ್ಲಿ ವ್ಯತ್ಯಾಸವಿರುತ್ತದೆ.

ದರಪಟ್ಟಿಯಲ್ಲಿ ಕಾಣದೆ ಹೋಗುವ, ಆದರೆ ಕಚೇರಿಯಲ್ಲಿ ದಿನವೂ ಕಾಡುವ ವಿಷಯವೆಂದರೆ ಜೋಡಣೆಯ ಕಿಂಡಿಗಳು. ಪಾವತಿಗೆ ಡಿಜಿಟಲ್ ಸಹಿಯ ಡೊಂಗಲ್ ಬೇಕು. ಮುದ್ರಣ ಯಂತ್ರ, ಬಯೋಮೆಟ್ರಿಕ್ ಯಂತ್ರ, ಮೌಸ್ ಬೇಕು. ಇವೆಲ್ಲವೂ ಬಹುಮಟ್ಟಿಗೆ ಹಳೆಯ ಅಗಲ ಮಾದರಿಯ ಯುಎಸ್‌ಬಿ ಕಿಂಡಿಗೇ ಹೊಂದುವಂಥವು. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಅಂಥ ಕಿಂಡಿ ಎರಡೋ ಮೂರೋ ಇರುತ್ತವೆ. ತೀರಾ ತೆಳುವಾದವುಗಳಲ್ಲಿ ಒಂದೂ ಇರದೆ ಸಣ್ಣ ಟೈಪ್-ಸಿ ಕಿಂಡಿಗಳು ಮಾತ್ರ ಇರಬಹುದು. ಭಾರತ್‌ನೆಟ್ ಸಂಪರ್ಕವನ್ನು ತಂತಿಯ ಮೂಲಕ ಪಡೆಯುವ ಕಚೇರಿಗೆ ಆರ್‌ಜೆ-45 ಎಂಬ ಜಾಲ ಕಿಂಡಿಯೂ ಬೇಕಾಗುತ್ತದೆ. ಅದಿಲ್ಲದಿದ್ದರೆ ಪರಿವರ್ತಕವೊಂದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಅದೂ ಒಂದು ಕಿಂಡಿಯನ್ನು ಆಕ್ರಮಿಸುತ್ತದೆ. ಆದ್ದರಿಂದ ಕಚೇರಿಯಲ್ಲಿ ಏಕಕಾಲಕ್ಕೆ ಜೋಡಿಸುವ ಸಾಧನಗಳನ್ನು ಎಣಿಸಿ, ಆ ಸಂಖ್ಯೆಯನ್ನು ತಾಂತ್ರಿಕ ವಿವರಣೆಯಲ್ಲಿಯೇ ನಮೂದಿಸುವುದು ಲೇಸು.

ಕೀಲಿಮಣೆಯ ವಿಷಯವೂ ಹೀಗೆಯೇ. ಹದಿನಾಲ್ಕು ಅಂಗುಲದ ಯಂತ್ರಗಳಲ್ಲಿ ಬಲಬದಿಯ ಅಂಕಿ ಕೀಲಿಗಳ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ನೂರಾರು ಮನೆಗಳ ತೆರಿಗೆ ಮೊತ್ತವನ್ನು ನಮೂದಿಸುವ ಡಾಟಾ ಎಂಟ್ರಿ ಆಪರೇಟರ್‌ಗೆ ಇದು ಸಣ್ಣ ಕೊರತೆಯಲ್ಲ. ಪ್ರತ್ಯೇಕ ಕೀಲಿಮಣೆಯನ್ನು ಖರೀದಿಯಲ್ಲಿಯೇ ಸೇರಿಸಬಹುದು.

ಕನ್ನಡದ ಸಮಸ್ಯೆ ಯಂತ್ರದ್ದಲ್ಲ, ಹಳೆಯ ಕಡತಗಳದ್ದು. ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ನಡಾವಳಿಗಳನ್ನು ಆ ಶೈಲಿಗಳಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಕಡತ ಕೆಟ್ಟಿತೆಂದು ಗಾಬರಿಗೊಳ್ಳಬೇಕಿಲ್ಲ. ಹಳೆಯ ಅಕ್ಷರಶೈಲಿಯನ್ನು ಅಳವಡಿಸಿ, ಕ್ರಮೇಣ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನವೇ ಈ ಕೆಲಸ ಮುಗಿದಿರಬೇಕು.

ಇನ್ನು "ಐ5" ಎಂಬ ಮಾತು. ಅದು ಒಂದು ಯಂತ್ರಾಂಶದ ಹೆಸರಲ್ಲ, ಹಲವು ತಲೆಮಾರುಗಳ ಕುಲನಾಮ. ಉದಾಹರಣೆಗೆ ಐ5-1335ಯು ಎಂಬಲ್ಲಿ ಮೊದಲ ಎರಡು ಅಂಕಿಗಳು ಹದಿಮೂರನೆಯ ತಲೆಮಾರನ್ನೂ, ಕೊನೆಯ "ಯು" ಅಕ್ಷರ ಕಡಿಮೆ ವಿದ್ಯುತ್ ಬಳಸುವ ಬಗೆಯನ್ನೂ ಸೂಚಿಸುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಯಂತ್ರಗಳಾದರೆ ಕೆಲವೇ ಅಪವಾದಗಳನ್ನು ಬಿಟ್ಟು ಎಂಟನೆಯ ಅಥವಾ ನಂತರದ ತಲೆಮಾರಿನವಾಗಿರಬೇಕು. ಕಡಿಮೆ ದರಕ್ಕೆ ಸಿಗುವ ನವೀಕರಿಸಿದ ಹಳೆಯ ಲ್ಯಾಪ್‌ಟಾಪ್ ಈ ಪರೀಕ್ಷೆಯಲ್ಲಿಯೇ ಸೋಲಬಹುದು. ಅದರ ಮೇಲೂ "ಐ5" ಎಂದೇ ಬರೆದಿರುತ್ತದೆ.

ನಿತ್ಯದ ಕಚೇರಿ ಕೆಲಸಕ್ಕೆ ದುಬಾರಿ ಪ್ರೊಸೆಸರ್‌ಗಿಂತ ಸ್ಮರಣೆ ಮುಖ್ಯ. ನಾಲ್ಕಾರು ಜಾಲಪುಟ, ಒಂದು ಎಕ್ಸೆಲ್ ಪಟ್ಟಿ ಮತ್ತು ವಿಡಿಯೊ ಸಂವಾದ ಒಟ್ಟಿಗೆ ತೆರೆದರೆ 8 ಜಿಬಿ ಬೇಗ ತುಂಬುತ್ತದೆ. ಹಣವಿದ್ದರೆ 16 ಜಿಬಿ ಇರಲಿ. ಇಲ್ಲವಾದರೆ, ಮುಂದೆ ಸ್ಮರಣೆ ಹೆಚ್ಚಿಸಲು ಖಾಲಿ ಸ್ಥಾನ ಇದೆಯೇ ಎಂದು ಕೇಳಬೇಕು. ಕೆಲವು ತೆಳು ಮಾದರಿಗಳಲ್ಲಿ ಸ್ಮರಣೆಯ ಚಿಪ್‌ಗಳನ್ನು ಫಲಕಕ್ಕೆ ಬೆಸೆದೇ ಬಿಟ್ಟಿರುತ್ತಾರೆ. ಕೊಂಡ ದಿನ ಇದ್ದಷ್ಟೇ ಕೊನೆಯವರೆಗೂ. ಸಂಗ್ರಹಕ್ಕೆ ಎಸ್‌ಎಸ್‌ಡಿ ಇರಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಪರದೆ ಹೊಳಪಿಲ್ಲದ ಮೈಯದಾಗಿದ್ದು 1920 x 1080 ಬಿಂದುಗಳದ್ದಾಗಿರಲಿ. 1366 x 768ರ ಪರದೆಯಲ್ಲಿ ಅಗಲವಾದ ಬೇಡಿಕೆ ಪಟ್ಟಿಯನ್ನು ಅತ್ತಿತ್ತ ಸರಿಸುತ್ತಲೇ ಓದಬೇಕಾಗುತ್ತದೆ. ಬಯಲಿನಲ್ಲಿ, ಮರದ ನೆರಳಿನಲ್ಲಿ ಸಭೆ ನಡೆಸುವ ಕಡೆ 250 ನಿಟ್ಸ್ ಪ್ರಕಾಶ ಸಾಲದು.

ಬ್ಯಾಟರಿಯ ಬಗ್ಗೆ "ಹತ್ತು ಗಂಟೆ" ಎಂಬ ಜಾಹೀರಾತಿನ ಮಾತಿಗಿಂತ ಸರಳ ಲೆಕ್ಕ ನಂಬಿಕೆಗೆ ಅರ್ಹ. ಬ್ಯಾಟರಿಯ ಮೇಲೆ ವ್ಯಾಟ್-ಅವರ್ ಪ್ರಮಾಣ ಮುದ್ರಿತವಾಗಿರುತ್ತದೆ. 45 ವ್ಯಾಟ್-ಅವರ್ ಬ್ಯಾಟರಿ ಇದ್ದು, ಕೆಲಸದ ವೇಳೆ ಯಂತ್ರ ಸರಾಸರಿ 9 ವ್ಯಾಟ್ ಬಳಸಿದರೆ 5 ಗಂಟೆ. ಬ್ಯಾಟರಿ ಹಳೆಯದಾಗಿ ಸಾಮರ್ಥ್ಯ ಶೇ. 80ಕ್ಕೆ ಇಳಿದರೆ 4 ಗಂಟೆ. ಗದಗ ಜಿಲ್ಲೆಯ ಬೇಸಿಗೆಯ ಸೆಕೆಯಲ್ಲಿ ಸದಾ ಚಾರ್ಜಿಗೆ ಹಾಕಿಯೇ ಇಟ್ಟ ಬ್ಯಾಟರಿ ಬೇಗ ಸೊರಗುತ್ತದೆ. ವ್ಯವಹಾರ ಶ್ರೇಣಿಯ ಅನೇಕ ಯಂತ್ರಗಳಲ್ಲಿ ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ವ್ಯವಸ್ಥೆ ಇದೆ. ಅದನ್ನು ಮೊದಲ ದಿನವೇ ಚಾಲೂ ಮಾಡಬೇಕು. ಯಂತ್ರಕ್ಕೆ ಮೂರು ವರ್ಷ ವಾರಂಟಿ ಇದ್ದರೂ ಬ್ಯಾಟರಿಗೆ ಒಂದೇ ವರ್ಷ ಇರುವುದುಂಟು. ಕಚೇರಿಗೇ ಬಂದು ದುರಸ್ತಿ ಮಾಡುವ ವಾರಂಟಿಯೋ, ಹುಬ್ಬಳ್ಳಿಯವರೆಗೆ ಹೊತ್ತೊಯ್ಯಬೇಕಾದುದೋ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ಎರಡು ಸಾವಿರ ರೂಪಾಯಿ ಅಗ್ಗವಾದ ಯಂತ್ರ ವಾರಗಟ್ಟಲೆ ಸೇವಾ ಕೇಂದ್ರದಲ್ಲಿ ಕುಳಿತರೆ ಆ ಉಳಿತಾಯಕ್ಕೆ ಅರ್ಥವಿಲ್ಲ.

ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹೊಸ ವಿಂಡೋಸ್ ಯಂತ್ರವನ್ನು ಮೈಕ್ರೋಸಾಫ್ಟ್ ಖಾತೆಯ ಮೂಲಕ ಆರಂಭಿಸಿದಾಗ, ಅದರೊಳಗಿನ ಮಾಹಿತಿ ತಾನಾಗಿಯೇ ಗೂಢಲಿಪಿಗೆ ಒಳಪಡಬಹುದು ಮತ್ತು ಅದನ್ನು ತೆರೆಯುವ 48 ಅಂಕಿಗಳ ಕೀಲಿಸಂಖ್ಯೆ ಆ ಖಾತೆಯಲ್ಲಿ ಉಳಿಯುತ್ತದೆ. ಕಳವಾದರೆ ದಾಖಲೆ ಬೇರೆಯವರ ಪಾಲಾಗದಂತೆ ಕಾಯುವ ಉತ್ತಮ ವ್ಯವಸ್ಥೆಯಿದು. ಆದರೆ ನೌಕರರೊಬ್ಬರ ಸ್ವಂತ ಖಾತೆಯಿಂದ ಯಂತ್ರ ಆರಂಭವಾಗಿದ್ದು, ಅವರು ವರ್ಗಾವಣೆಗೊಂಡ ಬಳಿಕ ಯಂತ್ರ ಆ ಸಂಖ್ಯೆಯನ್ನು ಕೇಳಿದರೆ, ಪಂಚಾಯತಿಯ ಕಡತಗಳು ಪಂಚಾಯತಿಗೇ ದಕ್ಕುವುದಿಲ್ಲ. ಕಚೇರಿಯ ಅಧಿಕೃತ ಖಾತೆಯನ್ನೇ ಬಳಸುವುದು, ಕೀಲಿಸಂಖ್ಯೆಯನ್ನು ಮುದ್ರಿಸಿ ಲಕೋಟೆಯಲ್ಲಿ ಭದ್ರಪಡಿಸುವುದು, ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಅದನ್ನು ಸೇರಿಸುವುದು ಇದಕ್ಕೆ ಪರಿಹಾರ. ವಾರಕ್ಕೊಮ್ಮೆ ಹೊರಗಿನ ಡಿಸ್ಕ್‌ನಲ್ಲಿ ಪ್ರತಿ ತೆಗೆದಿಡುವುದೂ ಬೇಕು.

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಚೌಕಟ್ಟಿನಲ್ಲಿ ನಡೆಯುವುದರಿಂದ ವಿವರಣೆಯಲ್ಲಿ ಕಂಪನಿಯ ಹೆಸರಿಗೆ ಬದಲಾಗಿ ಗುಣಗಳನ್ನು ಬರೆಯಬೇಕು: ಪರದೆಯ ಅಳತೆ, ಸ್ಮರಣೆ, ಕಿಂಡಿಗಳ ಸಂಖ್ಯೆ, ವಾರಂಟಿಯ ಬಗೆ. ಹೆಸರನ್ನೇ ಬರೆದರೆ ಸ್ಪರ್ಧೆ ಉಳಿಯುವುದಿಲ್ಲ. ಏನನ್ನೂ ಬರೆಯದಿದ್ದರೆ ಅತಿ ಅಗ್ಗದ್ದೇ ಬರುತ್ತದೆ.

ಯಂತ್ರ ಬಂದ ದಿನ ಬಿಲ್ಲಿಗೆ ಸಹಿ ಹಾಕುವ ಮುನ್ನ ಅರ್ಧ ದಿನ ಅದರಲ್ಲಿ ನಿಜವಾದ ಕೆಲಸವನ್ನೇ ಮಾಡಿಸಬೇಕು. ಡೊಂಗಲ್ ಗುರುತಿಸುತ್ತದೆಯೇ, ನಮೂನೆ 9ರ ಪ್ರತಿ ಸರಿಯಾಗಿ ಮುದ್ರಣವಾಗುತ್ತದೆಯೇ, ಕಳೆದ ವರ್ಷದ ನಡಾವಳಿ ಕನ್ನಡದಲ್ಲಿ ತೆರೆಯುತ್ತದೆಯೇ, ಭಾರತ್‌ನೆಟ್ ತಂತಿ ಹೊಂದುತ್ತದೆಯೇ ಎಂದು ನೋಡಬೇಕು. ವಿಂಡೋಸ್‌ನಲ್ಲಿಯೇ ಇರುವ ಬ್ಯಾಟರಿ ವರದಿಯನ್ನು ತೆಗೆದರೆ ಮೂಲ ಸಾಮರ್ಥ್ಯ ಮತ್ತು ಈಗಿನ ಸಾಮರ್ಥ್ಯ ಎರಡೂ ಕಾಣುತ್ತವೆ. ಹೊಸ ಯಂತ್ರದಲ್ಲಿ ಇವು ಹೆಚ್ಚುಕಡಿಮೆ ಸಮನಾಗಿರಬೇಕು. ಡಬ್ಬಿಯ ಮೇಲಿನ ಕ್ರಮಸಂಖ್ಯೆ, ಯಂತ್ರದ ಕೆಳಬದಿಯ ಕ್ರಮಸಂಖ್ಯೆ ಮತ್ತು ಬಿಲ್ಲಿನಲ್ಲಿರುವ ಕ್ರಮಸಂಖ್ಯೆ ಒಂದೇ ಆಗಿವೆಯೆಂದು ಖಚಿತಪಡಿಸಿಕೊಂಡು, ಕಂಪನಿಯ ಜಾಲತಾಣದಲ್ಲಿ ವಾರಂಟಿಯ ಕೊನೆಯ ದಿನಾಂಕವನ್ನು ನೋಡಿ, ಅದನ್ನೂ ದಾಸ್ತಾನು ವಹಿಯಲ್ಲಿ ಬರೆದಿಡತಕ್ಕದ್ದು.