ಮಕ್ಕಳ ಡಬ್ಬಿ, ಹಿರಿಯರ ಕೈ

ಮಕ್ಕಳ ಕೈಗೆ ಕಾಸು ಕೊಡಬಹುದೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರಲ್ಲಿ ಬಹುಮಂದಿ ‘ಕೂಡದು’ ಎಂದೇ ಉತ್ತರ ಕೊಡುತ್ತಿದ್ದರು. ಕಾಸು ಕಂಡ ಮಗು ಕೆಡುತ್ತದೆಂಬುದು ಅವರ ಭಯ. ಆದರೆ ಊರು ಬಿಟ್ಟು ದುಡಿಯಲು ಬಂದ ನಮ್ಮಂಥವರು ಭಯಪಡಬೇಕಾದುದು ಬೇರೊಂದಕ್ಕೆ. ದುಡ್ಡಿನ ಬೆಲೆಯನ್ನು ಎಂದೂ ಕೈಯಾರೆ ಅಳೆದು ನೋಡದ ಮಗು, ಮುಂದೆ ಮೊದಲ ಸಂಬಳ ಬಂದ ತಿಂಗಳಲ್ಲಿಯೇ ಸಾಲದ ದಾರಿ ಹಿಡಿದೀತು.

ಪುಣೆ ಜಿಲ್ಲೆಯ ಭೋರ್ ಪಟ್ಟಣವನ್ನು ಕಂಡವರಿಗೆ ಈ ಮಾತು ಬೇಗನೆ ಮನದಟ್ಟಾದೀತು. 1948ರವರೆಗೆ ಪಂತ ಸಚಿವರ ಸಂಸ್ಥಾನದ ರಾಜಧಾನಿಯಾಗಿದ್ದ ಈ ಊರಿನ ಸಮೀಪದಲ್ಲಿ, 1920ರ ದಶಕದಲ್ಲಿ ಭಾಟಘರ್ ಅಣೆಕಟ್ಟನ್ನು ಕಟ್ಟಲಾಯಿತು. ಸಹ್ಯಾದ್ರಿಯ ಈ ಮಗ್ಗುಲಲ್ಲಿ ಮಳೆಗೆ ಕೊರತೆಯಿಲ್ಲ. ಆದರೆ ಅದು ಸುರಿಯುವುದು ನಾಲ್ಕೇ ತಿಂಗಳು. ಆ ನೀರನ್ನು ಹಿಡಿದಿಟ್ಟುದರಿಂದಲೇ ನೀರಾ ಕಾಲುವೆಗಳು ಮೂಡಲ ದಿಕ್ಕಿನ ಒಣಭೂಮಿಗೆ ನೀರುಣಿಸುತ್ತಿವೆ. ಸಂಬಳದ ದಿನವೂ ಮಳೆಗಾಲದಂತೆಯೇ. ಕಟ್ಟೆಯಿಲ್ಲದ ಮನೆಗೆ ಮೂರನೆಯ ವಾರದಲ್ಲಿಯೇ ಬೇಸಗೆ.

ಕನ್ನಡಿಗರಿಗೆ ಈ ಪಾಠ ಹೊಸದಲ್ಲ. ಡಾ. ಟಿ.ಎಂ.ಎ. ಪೈ ಮತ್ತು ಅವರ ಸಂಗಡಿಗರು 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. 1928ರಲ್ಲಿ ಅದು ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ಪ್ರತಿನಿಧಿಯೇ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಆದರದಿಂದ ಪಡೆಯುತ್ತಿದ್ದನು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಕಲಿಸಿದ ನೀತಿ ಮಾತ್ರ ಉಳಿದಿದೆ. ಮೊತ್ತ ದೊಡ್ಡದಾಗಿರಬೇಕಾಗಿಲ್ಲ, ದಿನ ತಪ್ಪಬಾರದು.

ಮಕ್ಕಳಿಗೂ ಇದೇ ಕ್ರಮ ಹಿತವಾದುದು. ವಾರಕ್ಕೊಮ್ಮೆ, ಗೊತ್ತಾದ ದಿನದಂದು, 20 ರೂಪಾಯಿ ಕೊಡಿರಿ. ಹತ್ತು ರೂಪಾಯಿ ಅದರ ಖರ್ಚಿಗೆ, ಹತ್ತು ರೂಪಾಯಿ ಡಬ್ಬಿಗೆ. ಖರ್ಚಿನ ಹತ್ತನ್ನು ಮಿಠಾಯಿಗೆ ಕಳೆದರೂ ಗದರಿಸಬೇಡಿರಿ. ಆದರೆ ವಾರದ ನಡುವೆ ಮತ್ತೆ ಕೊಡಲೂ ಬೇಡಿರಿ. 52 ವಾರಗಳಲ್ಲಿ ಡಬ್ಬಿಯಲ್ಲಿ 520 ರೂಪಾಯಿ ಕೂಡುತ್ತದೆ. ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ತೆರೆಯಲು 500 ರೂಪಾಯಿ ಸಾಕು. ಹತ್ತು ವರ್ಷ ತುಂಬಿದ ಮಗು ಅಲ್ಲಿ ತನ್ನ ಹೆಸರಿನಲ್ಲಿಯೇ ಖಾತೆ ತೆರೆದು ತಾನೇ ನಡೆಸಬಹುದು. ಹತ್ತು ದಾಟಿದ ಮಕ್ಕಳಿಗೆ ಸ್ವತಂತ್ರವಾಗಿ ಖಾತೆ ನಡೆಸಲು ಬ್ಯಾಂಕುಗಳೂ ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಪುನಃ ತಿಳಿಸಿದೆ.

ಹಣವೆಲ್ಲ ಮೊಬೈಲಿನ ಪರದೆಯ ಮೇಲೆಯೇ ಓಡಾಡುವ ಈ ಕಾಲದಲ್ಲಿ ಡಬ್ಬಿಯ ಅಗತ್ಯ ಹೆಚ್ಚೇ ಆಗಿದೆ. ಕಾಣದ ಹಣ ಕರಗಿದುದು ಮಗುವಿಗೆ ತಿಳಿಯದು. ನಾಣ್ಯದ ತೂಕ ತಿಳಿಯುತ್ತದೆ.

ಇನ್ನೊಂದು ಮಾತು ನಮಗೆ, ಹಿರಿಯರಿಗೆ. ತಿಂಗಳ ಕೊನೆಯ ವಾರದಲ್ಲಿ ಊರಿನಿಂದ ಕರೆ ಬರುತ್ತದೆ, ತಾಯಿಗೆ ಕಾಯಿಲೆ. ಹೋಟೆಲಿನ ಮಾಲಿಕರಲ್ಲಿ ಮುಂಗಡವನ್ನು ಆಗಲೇ ಪಡೆದಾಗಿದೆ. ಮಗು ನಿದ್ರಿಸುತ್ತಿರುವಾಗ ತಂದೆಯ ಕೈ ಡಬ್ಬಿಯ ಕಡೆಗೆ ಹೋಗುತ್ತದೆ. ಕೊಟ್ಟವನು ತಾನೇ ಅಲ್ಲವೆ, ಮುಂದಿನ ತಿಂಗಳು ತುಂಬಿದರಾಯಿತು ಎಂದು ಅವನು ಸಮಾಧಾನ ಹೇಳಿಕೊಳ್ಳುತ್ತಾನೆ. ಬೆಳಿಗ್ಗೆ ಡಬ್ಬಿಯನ್ನು ಅಲುಗಿಸಿದ ಮಗುವಿಗೆ ಮಾತ್ರ ಒಂದು ವರ್ಷದ ಶಿಸ್ತು ಒಂದೇ ರಾತ್ರಿಯಲ್ಲಿ ವ್ಯರ್ಥವೆನಿಸುತ್ತದೆ. ಕೂಡಿಟ್ಟರೆ ಕಳೆದುಕೊಳ್ಳಬೇಕಾಗುತ್ತದೆ ಎಂಬುದೇ ಅದು ಕಲಿಯುವ ಪಾಠ.

ಕಷ್ಟ ಯಾರಿಗೂ ತಪ್ಪಿದುದಲ್ಲ. ಬೇಕಾದರೆ ಮಗುವನ್ನು ಕೇಳಿಯೇ ತೆಗೆದುಕೊಳ್ಳಿರಿ. ಚೀಟಿಯಲ್ಲಿ ಮೊತ್ತ ಬರೆದು, ಸಹಿ ಮಾಡಿ, ಡಬ್ಬಿಯೊಳಗೆ ಹಾಕಿರಿ. ಸಂಬಳದ ದಿನ ಬೇರೆಲ್ಲ ಸಾಲಗಳಿಗಿಂತ ಮೊದಲು ಅದನ್ನು ತೀರಿಸಿ, ಬಡ್ಡಿಯೆಂದು ಒಂದು ರೂಪಾಯಿ ಸೇರಿಸಿರಿ. ಹನಿಗೂಡಿದರೆ ಹಳ್ಳವೆಂಬುದನ್ನು ಮಗು ಡಬ್ಬಿಯಿಂದ ಕಲಿತೀತು. ಕೊಟ್ಟ ಮಾತಿಗೆ ತಪ್ಪಬಾರದೆಂಬುದನ್ನು ನಮ್ಮಿಂದಲೇ ಕಲಿಯಬೇಕು.